ಕಂಪ್ಯೂಟರಿನೊಳಗೆ ಸಿಕ್ಕ ಅಕ್ಕಿಕಾಳು

"ವೈರಸ್ಸೂ ಇಲ್ಲ, ಏನೂ ಇಲ್ಲ. ಇಲ್ಲಿ ನೋಡಿ ಸಾ," ಎನ್ನುತ್ತಾ ಕೊಳ್ಳೇಗಾಲದಿಂದ ಬಂದಿದ್ದ ಮೆಕ್ಯಾನಿಕ್ ನಮ್ಮ ಕಂಪ್ಯೂಟರಿನ ಮುಚ್ಚಳ ಬಿಚ್ಚಿ, ಓರೆ ಮಾಡಿ ತಟ್ಟಿದರು. ಅರಿಸಿನ ಹಚ್ಚಿದ ಅಕ್ಕಿಕಾಳುಗಳು ನೆಲಕ್ಕೆ ಉದುರಿದವು. ಇನ್ನೆರಡು ಕಾಳು ಒಳಗಿನ ಪುಟ್ಟ ಫ್ಯಾನಿಗೆ ಸಿಕ್ಕಿಕೊಂಡು, ಅದು ತಿರುಗದಂತೆ ಮಾಡಿದ್ದವು.

ತಿಂಗಳಿಂದ ಅದು ಹತ್ತು ನಿಮಿಷಕ್ಕೊಮ್ಮೆ ತಾನಾಗಿ ಆಫ್ ಆಗುತ್ತಿತ್ತು. ಎರಡು ಸಲ ಸಾಫ್ಟ್‌ವೇರ್ ಹೊಸದಾಗಿ ಹಾಕಿಸಿದರೂ ನಿಲ್ಲಲಿಲ್ಲ. ಮಗಳು ಗೇಮ್ ಆಡಿ ಕೆಡಿಸಿದ್ದಾಳೆಂದು ನಾನೇ ತೀರ್ಮಾನಿಸಿ, ಇನ್ನು ಮುಟ್ಟಬೇಡ ಎಂದಿದ್ದೆ. ಅವಳ ಕಂಪ್ಯೂಟರ್ ಕೋರ್ಸಿನ ಪರೀಕ್ಷೆಗೆ ನಾಲ್ಕೇ ದಿನ ಉಳಿದಿತ್ತು. ನಮ್ಮೂರು ಯಳಂದೂರಿನಲ್ಲಿ ಅವಳ ಅಭ್ಯಾಸಕ್ಕೆ ಬೇರೆ ಕಂಪ್ಯೂಟರ್ ಇರಲಿಲ್ಲ.

"ಫ್ಯಾನ್ ತಿರುಗ್ದೆ ಬಿಸಿಯಾಯ್ತದೆ, ಅದ್ಕೇ ಆಫಾಯ್ತದೆ. ಅಕ್ಷತೆ ಹಾಕ್ದೋರು ಯಾರು ಸಾ? ಮದ್ವೆ ಗಿದ್ವೆ ಮಾಡುದ್ರಾ ಇದ್ಕೆ?" ಎಂದು ಮೆಕ್ಯಾನಿಕ್ ನಕ್ಕರು.

ಹಾಕಿದವನು ನಾನೇ. ಪ್ರತಿ ಶುಕ್ರವಾರ ಪೂಜೆ ಮುಗಿಸಿ ಬೀರುವಿಗೆ, ಸ್ಕೂಟರಿಗೆ, ಕಂಪ್ಯೂಟರಿಗೆ ಕುಂಕುಮವಿಟ್ಟು ಅಕ್ಷತೆ ಹಾಕುತ್ತಿದ್ದೆ. ಅದರ ಮೇಲ್ಭಾಗದಲ್ಲಿ ಗಾಳಿಗೆಂದು ಕಿಂಡಿಗಳಿರುವುದು ನನ್ನ ಗಮನಕ್ಕೇ ಬಂದಿರಲಿಲ್ಲ.

ಬಾಗಿಲ ಬಳಿ ನಿಂತಿದ್ದ ಮಗಳು ನಗಲಿಲ್ಲ. "ಈಗ ಕೂತ್ಕಬೋದಾ ಅಪ್ಪ?" ಎಂದಷ್ಟೇ ಕೇಳಿದಳು.

ಪರೀಕ್ಷೆಯಲ್ಲಿ ಅವಳು ಪಾಸಾದಳು. ಆದರೆ ಇವತ್ತಿಗೂ ಮನೆಯಲ್ಲಿ ಮಿಕ್ಸಿ ಕೆಡಲಿ, ಟಿ.ವಿ. ಕೆಡಲಿ, ನಾನು ಕೇಳುವ ಮೊದಲೇ "ನಾನು ಮುಟ್ಟಿಲ್ಲಪ್ಪ" ಎನ್ನುತ್ತಾಳೆ.