ಯಾವ ಡ್ಯಾಮಿನ ನೀರು?

ಜುಗೂಳದ ಭೀಮಸಿ ಹುಟ್ಟಿದಾಗ ಅಳಲಿಲ್ಲವಂತೆ. ಸೂಲಗಿತ್ತಿಯನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದನಂತೆ. ಅರವತ್ತೊಂದು ವರ್ಷವಾದರೂ ಆ ನೋಟ ಬದಲಾಗಿಲ್ಲ. ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನನ್ನು ಕೇಳುತ್ತಾನೆ, ಆಮೇಲೆ ಪಕ್ಕದವನನ್ನು ಕೇಳುತ್ತಾನೆ. ಎಲ್ಲರೂ ಒಂದೇ ಉತ್ತರ ಕೊಟ್ಟರೆ, ಇವರೆಲ್ಲ ಮೊದಲೇ ಮಾತಾಡಿಕೊಂಡಿದ್ದಾರೆ ಎಂದು ಇಳಿದುಬಿಡುತ್ತಾನೆ.

ಆದರೆ ಒಂದು ಸಲ ಅವನು ಗೆದ್ದಿದ್ದ. ಕೃಷ್ಣೆಯ ದಂಡೆಯ ಈ ಊರಲ್ಲಿ ಮಳೆಗಾಲ ಬಂತೆಂದರೆ ನೀರಿನಂಚಿಗೆ ಕೋಲು ನೆಟ್ಟು, ತಾಸಿಗೊಮ್ಮೆ ಹೋಗಿ ಎಷ್ಟು ಮುಳುಗಿದೆ ಎಂದು ನೋಡುವುದು ರೂಢಿ. ಇಲ್ಲಿ ಹನಿ ಬೀಳದಿದ್ದರೂ ಸರಿ, ಮೇಲಿನ ಡ್ಯಾಮುಗಳಲ್ಲಿ ನೀರು ಬಿಟ್ಟರೆ ಬಿಸಿಲಲ್ಲೇ ಹೊಳೆ ಅಂಗಳಕ್ಕೆ ಬರುತ್ತದೆ. 2019ರಲ್ಲಿ ಎಲ್ಲರೂ "ಇನ್ನ ಏರಂಗಿಲ್ಲ ತಗೋ" ಎಂದು ಕಾಲು ಚಾಚಿದ್ದಾಗ ಭೀಮಸಿಯೊಬ್ಬ ತನ್ನ ಕೋಲನ್ನು ನಂಬಿ, ಓಣಿಯನ್ನೆಲ್ಲ ಎಮ್ಮೆಗಳ ಸಮೇತ ಹೊರಡಿಸಿದ್ದ; ಬೆಳಗಾಗುವುದರೊಳಗೆ ಓಣಿ ಮುಳುಗಿತ್ತು. ಆ ಒಂದು ಗೆಲುವಿನ ಹೆಗಲೇರಿ ಅವನ ಉಳಿದ ಸಾವಿರ ಅನುಮಾನಗಳು ಇಂದಿಗೂ ಮೆರೆಯುತ್ತಿವೆ. ಗೀಟು ಕೊರೆದ ಆ ಜಾಲಿಕೋಲು ದೇವರ ಜಗಲಿಯ ಪಕ್ಕದಲ್ಲೇ ನಿಂತಿರುತ್ತದೆ.

ಈ ಮಾರ್ಚಿನಲ್ಲಿ ಮಗಳು ಉಜ್ವಲಾ ಚಿಕ್ಕೋಡಿಯಿಂದ ಗಂಡ ದುಂಡೇಶನ ಜೊತೆ ಬಂದು, ಮೊಬೈಲಿನಲ್ಲಿ ನಕಾಶೆ ತೆಗೆದಳು. ಕುಮಟಾದ ಕಡೆ ಸಮುದ್ರದ ದಂಡೆಗೆ ಒಂದು ಹಾಸ್ಟೆಲ್ ಇದೆ, ಚಾರಣದವರು ಒಂದು ರಾತ್ರಿ ತಂಗುವ ಜಾಗ. ರಸ್ತೆ ಇಲ್ಲ; ಗುಡ್ಡ ದಾಟಿ ಮೂರು ತಾಸು ನಡೆಯಬೇಕು. ನಾಲ್ವರೂ ಹೋಗೋಣ ಎಂದಳು.

"ರಸ್ತೆ ಯಾಕಿಲ್ಲ?" ಭೀಮಸಿ ಕಣ್ಣು ಕಿರಿದು ಮಾಡಿದ. "ಏನ್ ಮುಚ್ಚಿಟ್ಟಾರ ಅಲ್ಲಿ?"

"ಏನೂ ಇಲ್ಲಪ್ಪಾ. ಅದಕ್ಕ ಮಂದಿ ಹೋಗೂದು."

"ಏನೂ ಇಲ್ಲದಲ್ಲಿಗೆ ಮಂದಿ ಹೋಗ್ತಾರ ಅಂದ್ರ ಏನರೆ ಇರಾಕ ಬೇಕು."

ಹೆಂಡತಿ ಹೊಳೆವ್ವ ರೊಟ್ಟಿ ಬಡಿಯುತ್ತಾ ಕೇಳಿಸಿಕೊಳ್ಳುತ್ತಿದ್ದಳು. ದುಂಡೇಶ ಮಾವನ ಮುಂದೆ ಅಪರೂಪಕ್ಕೆ ಬಾಯಿ ತೆರೆಯುವವನು. ಅಂದು ತೆರೆದು ಕೆಡಿಸಿದ. "ಮೂರರೊಳಗ ದಂಡಿ ದಾಟಬೇಕ್ರಿ ಮಾವಾರ. ಆಮ್ಯಾಲ ನೀರ ಏರತೈತಿ. ದಿನಾ ಎರಡ ಸಲ ಏರತೈತಿ, ಇಳಿತೈತಿ."

ಭೀಮಸಿ ಎದ್ದು ನಿಂತ. "ಮಾರ್ಚದಾಗ? ಮಳಿ ಇಲ್ಲದ? ಯಾವ ಡ್ಯಾಮಿಂದು?"

"ಡ್ಯಾಮ್ ಅಲ್ಲಪ್ಪಾ, ಚಂದ್ರ ಎಳಿತಾನ" ಎಂದಳು ಉಜ್ವಲಾ.

"ಹೌದಾ? ಅಂವಗ ನಮ್ಮ ಕೃಷ್ಣಾ ಕಣ್ಣಿಗೆ ಬೀಳಂಗಿಲ್ಲೇನು? ಇದನ್ಯಾಕ ಎಳಿಯವಲ್ಲ?"

ಬಿ.ಎಸ್‌ಸಿ. ಮಾಡಿದ ಮಗಳು ಹಣೆ ಬಡಿದುಕೊಂಡಳು. ಕೊನೆಗೆ ಹಾಸ್ಟೆಲ್ ನಡೆಸುವ ನಿತಿನನಿಗೇ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು.

"ನೀರು ಬಿಡೂ ಮೊದಲ ಡಂಗುರ ಹೊಡಸ್ತೀರೋ, ಇಲ್ಲೋ?" ಭೀಮಸಿಯ ಮೊದಲ ಪ್ರಶ್ನೆ.

"ಬಿಡುವವರು ಯಾರೂ ಇಲ್ಲ ಮಾರಾಯ್ರೆ. ಅದು ತಾನೇ ಬರ್ತದೆ, ತಾನೇ ಹೋಗ್ತದೆ."

ಭೀಮಸಿ ಫೋನು ಕೆಳಗಿಟ್ಟು ತೀರ್ಪು ಕೊಟ್ಟ: "ಡ್ಯಾಮಿನ ಹೆಸರ ಹೇಳವಲ್ಲ. ಹೋಗೂದ ಬ್ಯಾಡ."

ರೊಟ್ಟಿಯ ಸಪ್ಪಳ ನಿಂತಿತು. ಹೊಳೆವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

"ಈ ಮನಿಗೆ ಬಂದು ಮೂವತ್ತೇಳ ವರ್ಷ ಆತು. ಹೊರಗ ಮಲಗಿದ್ದು ಎಷ್ಟ ಸಲ, ಹೇಳ್ರಿ? ನೀರ ಬಂದು ಹೊರಗ ಹಾಕಿದಾಗ ಅಷ್ಟ. ಸಾಲಿ ಪಡಸಾಲ್ಯಾಗ, ಎಮ್ಮಿ ಬಾಜೂಕ, ಗಂಜಿ ಉಂಡು. ಆ ನೀರ ಮೂರು ಸಲ ನನ್ನ ಮನಿಗೆ ಬಂದು ಹೋಗೇತಿ. ಒಮ್ಮೆ ನಾ ಅದರ ಮನಿಗೆ ಹೋಗಿ ಮಲಗಿ ಬರಾಕಿ. ನೀವು ಬಂದ್ರ ಬರ್ರಿ, ಬಿಟ್ರ ಬಿಡ್ರಿ."

ಆ ರೊಟ್ಟಿಗಳು ಅಂದು ಸ್ವಲ್ಪ ಸುಟ್ಟವು. ಎಲ್ಲರೂ ಅವನ್ನೇ ಉಂಡರು.

ಮರುದಿನದಿಂದ ಭೀಮಸಿ ದಂಡಯಾತ್ರೆಗೆ ಸಿದ್ಧನಾದ. ಉಜ್ವಲಾ ಟೋಪಿ, ಬೂಟು, ಶೇಂಗಾ ಉಂಡಿ ಎಂದು ಯಾದಿ ಬರೆದಿದ್ದಳು. ಅವನ ಚೀಲಕ್ಕೆ ಸೇರಿದ್ದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಆಧಾರ್ ಕಾರ್ಡು, ಹೊಲದ ಉತಾರದ ಕಾಗದ, ಹಗ್ಗ. ಚೀಲಕ್ಕೆ ಹಿಡಿಸದ್ದು ಟ್ರ್ಯಾಕ್ಟರಿನ ಗಾಳಿ ತುಂಬಿದ ಟ್ಯೂಬು. ಎಮ್ಮೆಗಳನ್ನು ನೋಡಿಕೊಳ್ಳಲು ಒಪ್ಪಿದ ನೆರೆಯ ಸುಂದ್ರವ್ವನಿಗೆ, ಅವು ಎಷ್ಟು ಸಲ ಬಾಲ ಆಡಿಸುತ್ತವೆ ಎಂಬುದನ್ನೂ ಹೇಳಿ ಬಂದ. ಕೋಲು ಕೈಯಲ್ಲೇ.

ಗುಡ್ಡ ಹತ್ತುವಾಗ ಎದುರಾದ ಚಾರಣಿಗರೆಲ್ಲ, ಕೊರಳಿಗೆ ಟ್ಯೂಬು ಹಾಕಿಕೊಂಡು ಕೋಲು ಊರುತ್ತಾ ಬರುವ ಈ ದಂಡನಾಯಕನಿಗೆ ದಾರಿ ಬಿಟ್ಟು ನಿಂತರು. ಗುಡ್ಡದ ನೆತ್ತಿಯಲ್ಲಿ ಸಮುದ್ರ ಕಂಡಾಗ ಭೀಮಸಿ ಕೇಳಿದ್ದು ಒಂದೇ ಮಾತು: "ಆಚೀ ದಂಡಿ ಎಲ್ಲೇತಿ?" ಹೊಳೆವ್ವ ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಗಿಸಿ ಇಳಿದೇಬಿಟ್ಟಳು.

ನಾಲ್ಕಕ್ಕೆ ಅವನು ಅಲೆಯಂಚಿಗೆ ಕೋಲು ನೆಟ್ಟ. ಸೂರ್ಯ ಮುಳುಗುವ ಹೊತ್ತಿಗೆ ನಾಲ್ಕು ಗೀಟು ಮುಳುಗಿದ್ದವು. ಭೀಮಸಿಯ ಕೂಗಿಗೆ ಹಾಸ್ಟೆಲಿನ ನಾಯಿಗಳೂ ಎದ್ದವು.

"ಏರಾಕತ್ತೇತಿ! ಏಳ್ರಿ, ಗಂಟು ಕಟ್ರಿ! ಗುಡ್ಡಾ ಹತ್ರಿ!"

ನಿತಿನ ಓಡಿ ಬಂದ, ಮಗಳು ನಗು ತಡೆದಳು. ಹೊಳೆವ್ವ ಮಾತ್ರ ಪಡಸಾಲೆಯಲ್ಲಿ ಕೌದಿ ಹಾಸಿ ಆಗಲೇ ಮಲಗಿದ್ದಳು.

"ಏಳಲೇ, ನೀರು!"

"ಬರಲಿ. ಅದರ ಮನಿ ಅದು" ಎಂದು ಮಗ್ಗಲು ಬದಲಿಸಿದಳು. "ಇವತ್ತ ನಾ ಏಳಂಗಿಲ್ಲ."

ಎಬ್ಬಿಸಲಾಗದೆ, ಬಿಟ್ಟು ಹೋಗಲಾಗದೆ ಭೀಮಸಿ ಟ್ಯೂಬಿನ ಮೇಲೆ ಕುಳಿತು ಸಮುದ್ರವನ್ನು ಕಾದ. ಯಾವಾಗಲೋ ಕಣ್ಣು ಮುಚ್ಚಿತು.

ಬೆಳಿಗ್ಗೆ ಎದ್ದು ನೋಡಿದರೆ ಕೋಲು ಇಲ್ಲ. ನಿತಿನನನ್ನು ವಿಚಾರಿಸಿದ, ಅಳಿಯನ ಚೀಲ ತೆಗೆಸಿದ, ನಾಯಿಗಳನ್ನೂ ದುರುಗುಟ್ಟಿ ನೋಡಿದ. ಹೊಳೆವ್ವ ಮೆಟ್ಟಿಲ ಮೇಲೆ ಕುಳಿತು ಚಹಾ ಊದುತ್ತಿದ್ದಳು. ಅವಳ ಸೀರೆ ಮೊಣಕಾಲಿನವರೆಗೆ ಒದ್ದೆಯಾಗಿತ್ತು.

"ಪಾಪ, ಯಾರ ಒಯ್ದರೋ" ಎಂದಳು.

"ಡ್ಯಾಮಿನವರ ಕೆಲಸ ಇದು" ಎಂದ ಭೀಮಸಿ, ಹೆಂಡತಿಯ ಪಕ್ಕ ಕುಳಿತು ಅವಳ ಬಸಿಯಿಂದಲೇ ಚಹಾ ಕುಡಿದ. ಮೂಸಿ ನೋಡಲಿಲ್ಲ. ಹುಟ್ಟಿದಾಗಿನಿಂದ ಎಲ್ಲರನ್ನೂ ಸಂಶಯಿಸಿದವನು ಅಂದು ಒಬ್ಬಳನ್ನು ಮಾತ್ರ ಬಿಟ್ಟುಬಿಟ್ಟ.