ಅಂಚಿನ ಚೆಂಡು

ಹ್ಯೂಸ್ಟನ್‌ನಲ್ಲಿ ನಡೆದ ಆ ಅಂತರರಾಷ್ಟ್ರೀಯ ಟೇಬಲ್ ಟೆನಿಸ್ ತಂಡ ಚಾಂಪಿಯನ್‌ಶಿಪ್‌ನಲ್ಲಿ ನಾನು ಸಹಾಯಕ ಅಂಪೈರ್ ಆಗಿದ್ದೆ. ಹೇಳಿಕೊಳ್ಳುವಂಥ ಹುದ್ದೆಯೇನಲ್ಲ. ಮೇಜಿನ ಒಂದು ಪಕ್ಕ ಎತ್ತರದ ಕುರ್ಚಿಯಲ್ಲಿ ಮುಖ್ಯ ಅಂಪೈರ್, ಎದುರು ಪಕ್ಕ ತಗ್ಗಿನ ಕುರ್ಚಿಯಲ್ಲಿ ಅಂಕದ ಫಲಕ ತಿರುವುತ್ತ ನಾನು. ಆದರೆ ನನ್ನ ಪಕ್ಕದ ಅಂಚಿಗೆ ಚೆಂಡು ತಗುಲಿತೋ ಇಲ್ಲವೋ ಎಂಬ ವಿಷಯದಲ್ಲಿ ಮಾತ್ರ ನಾನು ಹೇಳಿದ್ದೇ ಕೊನೆ.

ಯಾವ ದೇಶದ ಪಂದ್ಯಕ್ಕೂ ಅದೇ ದೇಶದ ಅಂಪೈರನ್ನು ಕೂರಿಸುವುದಿಲ್ಲ. ನನ್ನ ಪಾಸ್‌ಪೋರ್ಟ್ ಭಾರತದ್ದೇ. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತೂ ನಿಂತೂ ಕೂದಲು ನೆರೆತಿದೆ. ಅಂಪೈರ್ ಪರೀಕ್ಷೆ ಪಾಸು ಮಾಡಿದ್ದು ಡಾಲಸ್‌ನಲ್ಲಾದ್ದರಿಂದ ಕೊರಳಿನ ಬ್ಯಾಡ್ಜಿನಲ್ಲಿ ಮಾತ್ರ ನಾನು ಅಮೆರಿಕದವನು. ಸರ್ಕಾರ ಇನ್ನೂ ಒಪ್ಪದ್ದನ್ನು ಟೇಬಲ್ ಟೆನಿಸ್‌ನವರು ಆಗಲೇ ಒಪ್ಪಿಬಿಟ್ಟಿದ್ದರು. ಹಾಗಾಗಿ ಭಾರತದ ಹುಡುಗಿಯರ ಪಂದ್ಯಕ್ಕೆ ನನ್ನನ್ನು ಹಾಕಿದರು.

ನಿಜ ಹೇಳುತ್ತೇನೆ, ಆ ದಿನಗಳಲ್ಲಿ ಒಂಟಿತನ ನನ್ನನ್ನು ತಿಂದುಹಾಕುತ್ತಿತ್ತು. ಟೇಲರ್ ಎಂಬ ಸಣ್ಣ ಊರಿನಲ್ಲಿ ಕೆಲಸ, ಒಂದು ಬೆಡ್‌ರೂಮಿನ ಮನೆ, ಭಾನುವಾರ ಆಸ್ಟಿನ್‌ವರೆಗೆ ಡ್ರೈವ್ ಮಾಡಿ ಕ್ಲಬ್ಬಿನಲ್ಲಿ ಆಟ. ಅಲ್ಲಿ ಅಂಕ ಹೇಳುತ್ತೇವೆ, ‘ನೈಸ್ ಶಾಟ್’ ಅನ್ನುತ್ತೇವೆ, ಮನೆಗೆ ಹೋಗುತ್ತೇವೆ. ಎದುರಿಗೆ ನಿಂತವರೊಂದಿಗೆ ಕನ್ನಡ ಮಾತಾಡಿ ತಿಂಗಳುಗಳೇ ಕಳೆದಿದ್ದವು.

ಪಂದ್ಯಕ್ಕೆ ಮುಂಚೆ ಭಾರತದ ತಂಡದ ಒಬ್ಬಳು ಹುಡುಗಿ, ನನ್ನ ಅಕ್ಕನ ಮಗಳ ವಯಸ್ಸಿನವಳು, ನನ್ನ ಹತ್ತಿರವೇ ನಿಂತು ಕೈ ಉಜ್ಜಿಕೊಳ್ಳುತ್ತಿದ್ದಳು.

“ಈ ಎಸಿಗೆ ಬೆರಳೇ ಬಗ್ತಿಲ್ಲ ಸರ್. ಬಿಸಿನೀರಲ್ಲಿ ಕೈ ಅದ್ಕೊಂಡು ಕೂತ್ಕೊಳ್ಳೋಣ ಅನ್ಸುತ್ತೆ” ಎಂದು ಕೋಚ್‌ಗೆ ಕನ್ನಡದಲ್ಲಿ ಹೇಳಿದಳು.

“ಗೆದ್ದು ಬಾ, ಆಮೇಲೆ ಬೇಕಾದ್ರೆ ಬಿಸಿಬೇಳೆಬಾತಲ್ಲೇ ಅದ್ಕೊಳ್ಳುವಂತೆ” ಎಂದರು ಅವರು.

ನನಗೆ ನಗು ತಡೆಯಲಾಗಲಿಲ್ಲ. ಅವಳು ಅದನ್ನು ಕಂಡು ತಾನೂ ನಕ್ಕಳು. ಅಂಪೈರ್ ಪಂದ್ಯದ ಹೊತ್ತಿನಲ್ಲಿ ಹರಟುವಂತಿಲ್ಲ. ಮುಗಿದ ಮೇಲೆ ಆಟಗಾರರು ಬಂದು ಕೈಕುಲುಕುವುದು ವಾಡಿಕೆ. ಆಗ ನಾನೊಂದು ಮಾತಾಡಬೇಕು, ಅವಳು ಎರಡು ಮಾತಾಡಬೇಕು. ನನಗೆ ಬೇಕಿದ್ದದ್ದು ಅಷ್ಟೇ.

ಮೂರು ಪಂದ್ಯ ಗೆದ್ದ ತಂಡಕ್ಕೆ ಜಯ. ಎರಡೆರಡು ಸಮವಾಗಿ, ಐದನೆಯದು ಅವಳ ಪಾಲಿಗೆ ಬಂತು. ಕೊನೆಯ ಗೇಮ್. ಎದುರಾಳಿಗೆ ಹತ್ತು, ಅವಳಿಗೆ ಒಂಬತ್ತು. ಎದುರಾಳಿ ಹೊಡೆದ ಚೆಂಡು ನನ್ನ ಕಣ್ಣೆದುರೇ ಮೇಜಿನ ಮೇಲಂಚನ್ನು ಸವರಿ ಕೆಳಗೆ ಜಾರಿತು. ಮೇಲಂಚಿಗೆ ತಗುಲಿದರೆ ಹೊಡೆತ ಸರಿ, ಭಾರತದ ಕಥೆ ಅಲ್ಲಿಗೆ ಮುಗಿಯಿತು. ಅಂಚಿನ ಕೆಳಗಿನ ಪಕ್ಕಕ್ಕೆ ತಗುಲಿದರೆ ತಪ್ಪು, ಹತ್ತು-ಹತ್ತು.

ಕಂಡಿದ್ದೆ. ಕಂಡೂ ಪಕ್ಕಕ್ಕೆ ತಗುಲಿತೆಂದು ಸನ್ನೆ ಮಾಡಿದೆ. ಯಾರೂ ಹೇಳಿಕೊಟ್ಟಿರಲಿಲ್ಲ, ಯಾರೂ ಕೇಳಿರಲಿಲ್ಲ. ನನ್ನವರು ಇನ್ನೊಂದಿಷ್ಟು ಹೊತ್ತು ಇರಲಿ ಅನ್ನಿಸಿತು.

ಡಾಲಸ್ ಹತ್ತಿರದ ಕಾಪೆಲ್, ಪ್ರಾಸ್ಪರ್ ಕಡೆಯಿಂದ ಬಂದಿದ್ದ ನಮ್ಮ ಜನ ಗ್ಯಾಲರಿಯಲ್ಲಿ ಎದ್ದು ಕುಣಿದರು. ಎದುರಾಳಿ ಹುಡುಗಿ ಬ್ಯಾಟ್ ಕೆಳಗಿಳಿಸಿ ನಿಂತುಬಿಟ್ಟಳು. ಆಗ ನಮ್ಮ ಹುಡುಗಿ ಮುಂದೆ ಬಂದು, ಮೇಲಂಚಿನ ಮೇಲೆ ಬೆರಳಿಟ್ಟು, ಇಲ್ಲಿ ತಗುಲಿತು ಎಂದು ಮುಖ್ಯ ಅಂಪೈರ್‌ಗೆ ತೋರಿಸಿದಳು. ಅಂಕ ಎದುರಾಳಿಗೆ ಹೋಯಿತು. ಭಾರತ ಸೋತಿತು. ಕೋಚ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

ಎದುರಾಳಿಯ ಕೈಕುಲುಕಿ, ಮುಖ್ಯ ಅಂಪೈರ್ ಕೈಕುಲುಕಿ, ಅವಳು ನನ್ನ ಹತ್ತಿರ ಬಂದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಇನ್ಯಾರಿಗೂ ಕೇಳಿಸದಷ್ಟು ಮೆತ್ತಗೆ, “ನಿಮಗೂ ಕಾಣಿಸ್ತಲ್ವಾ ಅಂಕಲ್?” ಎಂದು ಕೇಳಿದಳು.

ನಾನು ಹುಬ್ಬೇರಿಸಿ, ಭಾಷೆ ಬಾರದವನಂತೆ, “ಸಾರಿ, ವಾಟ್?” ಎಂದೆ.

ಅವಳು ಒಂದು ಗಳಿಗೆ ನನ್ನನ್ನೇ ನೋಡಿದಳು. “ಥ್ಯಾಂಕ್ ಯೂ, ಸರ್” ಎಂದು ಇಂಗ್ಲಿಷಿನಲ್ಲೇ ಹೇಳಿ ಹೋದಳು.