ಯಾವ ಊರಿನ ಬೈಗುಳ

ಬಳ್ಳಾರಿಯ ಗಾಂಧಿನಗರದಲ್ಲಿ ಬೇವಿನ ಎಲೆ ಮುಟ್ಟಿದರೂ ಬೆರಳು ಕೆಂಪಾಗುತ್ತಿದ್ದ ಕಾಲವದು. ಅದಿರಿನ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದವು. ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆಯ ಮೇಲೂ ಧೂಳು ಕೂರುತ್ತಿತ್ತು. ಕರಿದು ತಿಂದರೆ ಹಲ್ಲಿಗೆ ಕರಕರ ಸಿಗುತ್ತಿತ್ತು. ನನಗಾಗ ಹನ್ನೊಂದು ವರ್ಷ.

ಎದುರು ಮನೆಯ ಖಾದರ್ ಚಾಚಾ ಲಾರಿ ಓಡಿಸುತ್ತಿದ್ದರು. ಮೊದಲು ಸಿರುಗುಪ್ಪದ ಗಿರಣಿಗಳ ಅಕ್ಕಿ ಸಾಗಿಸುತ್ತಿದ್ದವರು, ಆಗ ಅದಿರು ತುಂಬಿಕೊಂಡು ಚೆನ್ನೈ ಬಂದರಿಗೆ ಹೋಗಿಬರುತ್ತಿದ್ದರು. ಬೇರೆಯವರು ಪರಊರಿನಿಂದ ಮಿಠಾಯಿ ತಂದರೆ ಚಾಚಾ ಬೈಗುಳ ತರುತ್ತಿದ್ದರು. ಅವರ ಮಗಳು ನಸೀಮಾ ನನ್ನ ಗೆಳತಿ. ನಮ್ಮಿಬ್ಬರನ್ನೂ ಕಟ್ಟೆಯ ಮೇಲೆ ಕೂರಿಸಿಕೊಂಡು, "ಬಾರಲೇ ಕೋತಿ, ಹೊಸಾದು ತಂದೀನಿ" ಎಂದು ನನ್ನನ್ನು ಕರೆದು, ಒಂದೊಂದನ್ನೇ ಬಿಚ್ಚುತ್ತಿದ್ದರು.

"ಚೆನ್ನೈದಾಗ 'ಮಚ್ಚಾ' ಅಂತಾರ. ಅಂದ್ರ ಭಾಮೈದ."

"ನಗಾದೋ, ಬಡದಾಡಾದೋ?" ಪ್ರತಿ ಹೊಸ ಮಾತಿಗೂ ನಾವು ಕೇಳುತ್ತಿದ್ದ ಪ್ರಶ್ನೆ ಇದೇ.

"ದೋಸ್ತಗ ಅಂದ್ರ ಚಹಾ ಕುಡಸ್ತಾನ. ಗುರುತಿಲ್ದಾಂವಗ ಅಂದ್ರ ಕಾಲರ್ ಹಿಡೀತಾನ."

ಕೋಣ ಎನ್ನುವ ತೆಲುಗಿನ 'ದುನ್ನಪೋತು', ಪೆದ್ದ ಎನ್ನುವ ಹೈದರಾಬಾದಿನ 'ಹೌಲೆ' ಹೀಗೇ ನಮ್ಮ ಓಣಿಗೆ ಬಂದವು. ದುನ್ನಪೋತು ಎಂದು ಬೈಸಿಕೊಂಡ ಆಂಧ್ರದ ಕ್ಲೀನರ್ ಹೇಗೆ ಗೋಣು ಅಲ್ಲಾಡಿಸಿದ ಎಂದು ಚಾಚಾ ಮಾಡಿ ತೋರಿಸುತ್ತಿದ್ದರು. ಕೊನೆಗೆ ಒಂದು ಮಾತು ಮಾತ್ರ ತಪ್ಪದೆ ಹೇಳುತ್ತಿದ್ದರು: "ಬೈದ ಮ್ಯಾಲ ಇಬ್ಬರೂ ನಗಬೇಕು. ಒಬ್ಬರೇ ನಕ್ಕರ ಅದು ಆಟ ಅಲ್ಲ."

ಆ ಸರಕಿನಿಂದ ನಾವೊಂದು ಆಟ ಕಟ್ಟಿದ್ದೆವು. ಇಬ್ಬರು ಎದುರುಬದುರು ನಿಂತು ಒಂದೊಂದು ಬೈಗುಳ ಹೇಳಬೇಕು. ಹೇಳಿದ್ದನ್ನೇ ಹೇಳುವಂತಿಲ್ಲ. ತಡವರಿಸಿದರೆ ಓಣಿಯ ಹುಡುಗಿಯರು ಹತ್ತರವರೆಗೆ ಎಣಿಸುತ್ತಿದ್ದರು. ಸೋತವಳು ತನ್ನ ಪಾಲಿನ ಮಿರ್ಚಿ ಬಜ್ಜಿ ಕೊಡಬೇಕು.

ಒಂದು ಭಾನುವಾರ ಸಂಜೆ ನಸೀಮಾ ನನ್ನನ್ನು ಸೋಲಿಸುವುದರಲ್ಲಿದ್ದಳು. ನನ್ನ ಬಳಿ ಇದ್ದದ್ದೆಲ್ಲ ಮುಗಿದಿತ್ತು. "ಎಂಟು... ಒಂಬತ್ತು..." ಎಣಿಕೆ ಕೇಳುತ್ತಿತ್ತು.

"ಮಣ್ಣುಗಳ್ಳನ ಮಗಳು!" ಅಂದೆ.

ಅದು ಚಾಚಾ ತಂದ ಮಾತಲ್ಲ. ನಮ್ಮ ಮನೆಯದು. ಅಪ್ಪ ಲಾರಿ ಟೈರಿನ ಅಂಗಡಿ ಇಟ್ಟಿದ್ದರು. ಬರುವ ಗಿರಾಕಿಗಳೆಲ್ಲ ಅದಿರಿನ ಲಾರಿಯವರೇ; ನಮ್ಮ ಹೊಸ ಫ್ರಿಜ್ ಬಂದದ್ದೂ ಅವರಿಂದಲೇ. ಆದರೂ ಊಟಕ್ಕೆ ಕೂತಾಗ ಅಪ್ಪ, "ಮಣ್ಣುಗಳ್ಳರು, ಊರ ನೆಲಾನ ಹೊತ್ಕೊಂಡು ಹೊಂಟಾರ" ಎನ್ನುತ್ತಿದ್ದರು. ಅರ್ಥ ಗೊತ್ತಿಲ್ಲದೆ ಅಂದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಅಪ್ಪ ಆ ಮಾತು ಆಡುವಾಗ ಎದುರು ಮನೆಯ ಕಡೆ ಕಣ್ಣು ಹಾಯಿಸುತ್ತಿದ್ದುದನ್ನು ನಾನು ನೋಡಿದ್ದೆ.

"ಮಣ್ಣು ಯಾರ್ ಕದೀತಾರಲೇ!" ಎಂದು ನಸೀಮಾ ಹೊಟ್ಟೆ ಹಿಡಿದು ನಕ್ಕಳು. ನಗುವುದರಲ್ಲೇ ಅವಳ ಎಣಿಕೆ ಹತ್ತಾಯಿತು. ನಾನು ನಗಲಿಲ್ಲ. ಅವಳು ಕೊಟ್ಟ ಮಿರ್ಚಿ ಮಾತ್ರ ತಿಂದೆ. ಇನ್ನೂ ಬಿಸಿ ಇತ್ತು.

ಎರಡು ದಿನ ಬಿಟ್ಟು ಚಾಚಾ ಬಂದರು. ಹುಬ್ಬು, ರೆಪ್ಪೆಗಳವರೆಗೂ ಕೆಂಧೂಳು. ತಮ್ಮ ಮನೆಯ ಬಾಗಿಲ ಮುಂದೆ ನಿಂತು ಚೊಂಬಿನಿಂದ ಕಾಲಿಗೆ ನೀರು ಹಾಕಿಕೊಳ್ಳುತ್ತಿದ್ದರು. ನಸೀಮಾ ನನ್ನ ಕೈ ಹಿಡಿದು ಎಳೆದುಕೊಂಡು ಓಡಿದಳು.

"ಅಬ್ಬಾ, ಇಕಿ ಹೊಸಾದು ಅಂದ್ಳು. ಮಣ್ಣುಗಳ್ಳನ ಮಗಳು ಅಂತ. ಅದು ಯಾವ ಊರಿಂದು?"

ಚೊಂಬು ಅಲ್ಲೇ ನಿಂತಿತು. ಕಾಲ ಬಳಿಯ ಕೆಂಪು ನೀರು ಹರಿದು ಚರಂಡಿ ಸೇರಿತು. ಚಾಚಾ ನನ್ನನ್ನು ನೋಡಲಿಲ್ಲ. ನಮ್ಮ ಮನೆಯ ಬಾಗಿಲನ್ನು ನೋಡಿದರು.

"ನಮ್ಮೂರಿಂದು, ಬೇಟಿ."

"ನಗಾದೋ, ಬಡದಾಡಾದೋ?"

"ಹೋಗು, ಚಹಾ ಇಡು ಅಂತ ಅಮ್ಮಿಗೆ ಹೇಳು."

ಆಮೇಲೆ ಚೀಲದಿಂದ ಚೆನ್ನೈ ಚಕ್ಕುಲಿಯ ಪೊಟ್ಟಣ ತೆಗೆದರು. ಅವರು ಬೈಗುಳದ ಬದಲು ತಿನ್ನುವುದನ್ನು ಕೊಟ್ಟದ್ದು ಅದೇ ಮೊದಲು. ನನ್ನ ಪಾಲನ್ನು ಮುಂದೆ ಹಿಡಿದು, "ತಗೋರಿ" ಅಂದರು.

ತಗೋರಿ. ನನಗೆ. ಅವರು ನನ್ನನ್ನು ಬೈಯಲಿಲ್ಲ, ನಮ್ಮ ಮನೆಗೆ ಬಂದು ಕೇಳಲಿಲ್ಲ. ಅವತ್ತಿನಿಂದ ಬರ್ರಿ, ಕುಂದರ್ರಿ ಎನ್ನತೊಡಗಿದರು, ಅಷ್ಟೇ. ಹೊಸ ಬೈಗುಳಗಳು ಬರುವುದು ನಿಂತಿತು. ನಾನು ತಪ್ಪಾಯಿತು ಎನ್ನಲಿಲ್ಲ. ಹಾಗೆ ಅಂದಿದ್ದರೆ ಅಪ್ಪನ ಹೆಸರು ಹೇಳಬೇಕಾಗುತ್ತಿತ್ತು.

ಗಣಿಗಳು ಮುಚ್ಚಿದ ಮೇಲೆ ಅವರು ಮನೆ ಖಾಲಿ ಮಾಡಿ ಕುರುಗೋಡಿಗೆ ಹೋದರು. ಈಗ ಓಣಿಯ ಬೇವು ಹಸಿರಾಗಿದೆ. ಸಂಡಿಗೆಯಲ್ಲಿ ಕರಕರ ಇಲ್ಲ.

ಹೋದ ವರ್ಷ ಬಳ್ಳಾರಿ ಬಸ್ ನಿಲ್ದಾಣದಲ್ಲಿ ಚಾಚಾ ಸಿಕ್ಕಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಅವರೇ ಗುರುತು ಹಿಡಿದರು. "ಆರಾಮ ಅದೀರೇನ್ರಿ?"

"ಚಾಚಾ, ಅವತ್ತು ನಾನು ಅಂದ ಮಾತು ನಮ್ಮ ಮನೀದು. ತಪ್ಪಾತು. ಒಂದ್ಸಲ ನನಗ ಲೇ ಅನ್ರಿ."

"ಅಯ್ಯ, ಈಗ ದೊಡ್ಡಾವರಾಗೀರಿ ಬಿಡ್ರಿ" ಎಂದು ನಕ್ಕು, ಕುರುಗೋಡಿನ ಬಸ್ ಹತ್ತಿದರು.

ನಕ್ಕದ್ದು ಅವರೊಬ್ಬರೇ.